ಆರು ಸಾವಿರದಲ್ಲಿ ಐದನೇ ಹುಟ್ಟುಹಬ್ಬ: ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಮಗಳಿಗೆ ಏಪ್ರಿಲ್ ಕೊನೆಯ ವಾರದಲ್ಲಿ ಐದು ವರ್ಷ ತುಂಬುತ್ತದೆ, ಕೈಯಲ್ಲಿರುವುದು 6,000 ರೂಪಾಯಿ, ದಾವಣಗೆರೆಯ ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅತ್ತೆಯವರು ಬಂಧುಬಳಗವನ್ನೆಲ್ಲ ಕರೆಯಬೇಕೆನ್ನುತ್ತಾರೆ, ಸಣ್ಣದೊಂದು ಹಾಲ್ ಹಿಡಿಯುವುದೋ ಮನೆಯಲ್ಲೇ ಮಾಡುವುದೋ ಎಂದು ನೀವು ಕೇಳಿದ್ದೀರಿ. ಮನೆಯಲ್ಲೇ ಮಾಡಿ. ನಾನೂ ಇದೇ ಊರಿನವಳು. ನನ್ನ ಇಬ್ಬರು ಮಕ್ಕಳ ಹುಟ್ಟುಹಬ್ಬಗಳನ್ನು ಅಷ್ಟೇ ಚಿಕ್ಕ ಮನೆಯಲ್ಲಿ ಮಾಡಿಕೊಂಡು ಬಂದಿರುವುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಇಂಥ ಸಮಾರಂಭದ ಖರ್ಚನ್ನು ನಿರ್ಧರಿಸುವುದು ನೀವು ಜನರನ್ನು ಕರೆಯುವ ಹೊತ್ತು. ಸಂಜೆ ಏಳಕ್ಕೆ ಬನ್ನಿ ಎಂದರೆ ನಮ್ಮ ಕಡೆ ಅದು ಊಟದ ಕರೆಯೇ ಆಗುತ್ತದೆ. ಮಗುವಿನ ಜೊತೆಗೆ ತಾಯಿ, ತಮ್ಮ, ತಂಗಿ, ಆಮೇಲೆ ಕೆಲಸ ಮುಗಿಸಿದ ತಂದೆ ಎಲ್ಲರೂ ಬರುತ್ತಾರೆ, ಹದಿನೈದು ಮಕ್ಕಳನ್ನು ಕರೆದ ಮನೆಯಲ್ಲಿ ನಲವತ್ತು ಎಲೆ ಹಾಕಬೇಕಾಗುತ್ತದೆ, ಅದಕ್ಕೆ ಅಡುಗೆಯವರು ಬೇಕು, ಕೂರಲು ಜಾಗ ಬೇಕು, ಜಾಗವಿಲ್ಲವೆಂದು ಹಾಲ್ ಹಿಡಿಯಬೇಕು. ಅದನ್ನೇ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಎಂದು ಕರೆದರೆ ಎಲ್ಲರೂ ತಿಂಡಿಯನ್ನಷ್ಟೇ ನಿರೀಕ್ಷಿಸಿ ಬರುತ್ತಾರೆ. ಮುಗಿಯುವ ಸಮಯವನ್ನು ವಾಟ್ಸಾಪ್ ಸಂದೇಶದಲ್ಲಿಯೇ ಬರೆಯಿರಿ, ಅದರಲ್ಲಿ ಸಂಕೋಚ ಬೇಡ. ಏಪ್ರಿಲ್ ಕೊನೆಗೆ ಶಾಲೆಗಳಿಗೆ ಬೇಸಿಗೆ ರಜೆ ಇರುವುದರಿಂದ ಇಡೀ ತರಗತಿಗೆ ಚಾಕೊಲೇಟ್ ಹಂಚುವ ಖರ್ಚು ನಿಮಗಿಲ್ಲ. ಆದರೆ ಅರ್ಧದಷ್ಟು ಮಕ್ಕಳು ಅಜ್ಜಿಯ ಊರಿಗೆ ಹೋಗಿರುತ್ತಾರೆ, ಆದ್ದರಿಂದ ಯಾರು ಊರಲ್ಲಿದ್ದಾರೆ ಎಂದು ಒಂದು ವಾರ ಮೊದಲೇ ವಿಚಾರಿಸಿಕೊಂಡು ಇಪ್ಪತ್ತು ಮಕ್ಕಳಿಗೆ ಲೆಕ್ಕ ಹಾಕಿ.

ಅತ್ತೆಯವರ ಮಾತನ್ನು ತೆಗೆದುಹಾಕಬೇಕಾಗಿಲ್ಲ, ಅದನ್ನು ಬೆಳಗಿನ ಹೊತ್ತಿಗೆ ಸರಿಸಿದರೆ ಸಾಕು. ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ದುಗ್ಗಮ್ಮನ ಗುಡಿಗೆ ಹೋಗಿಬಂದು, ಅಜ್ಜ, ಅಜ್ಜಿ, ಸೋದರಮಾವ, ಅತ್ತೆಯಂದಿರು ಎಂದು ತೀರಾ ಹತ್ತಿರದ ಎಂಟು ಹತ್ತು ಜನರನ್ನು ಕೂರಿಸಿಕೊಂಡು ಆರತಿ ಮಾಡಿ, ಗೋಧಿ ಹುಗ್ಗಿ, ಅನ್ನ, ಸಾರು, ಒಂದು ಪಲ್ಯದ ಊಟ ಹಾಕಿ. ಹುಗ್ಗಿಯ ಉಸ್ತುವಾರಿಯನ್ನು ಅತ್ತೆಯವರಿಗೇ ಒಪ್ಪಿಸಿ. ಮೊಮ್ಮಗಳ ಹಬ್ಬದಲ್ಲಿ ತಮ್ಮ ಕೈಯ ಅಡುಗೆ ನಡೆಯಿತು ಎಂಬ ಸಮಾಧಾನ ಅವರಿಗಿದ್ದರೆ ಸಂಜೆಯ ಪಟ್ಟಿ ಚಿಕ್ಕದಾಗಿದ್ದರೂ ಅವರು ಮಾತು ಬೆಳೆಸುವುದಿಲ್ಲ ಎಂದು ನನ್ನ ಎಣಿಕೆ.

ಸಂಜೆಯ ತಿಂಡಿಗೆ ನಮ್ಮೂರಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಭಟ್ಟಿಯಿಂದ ನೇರವಾಗಿ ತಂದ ಮಂಡಕ್ಕಿ ಗರಿಗರಿಯಾಗಿಯೂ ಇರುತ್ತದೆ, ಅಗ್ಗವೂ ಹೌದು. ಒಂದು ಚೀಲ ತಂದರೆ ಇಡೀ ಓಣಿಯ ಮಕ್ಕಳಿಗೆ ಆಗಿ ಮಿಗುತ್ತದೆ. ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಶೇಂಗಾ, ಅರಿಶಿನ ಹಾಕಿದ ಒಗ್ಗರಣೆಯನ್ನು ಮಧ್ಯಾಹ್ನವೇ ಮಾಡಿ ಆರಿಸಿಡಿ. ಪುಟಾಣಿಯನ್ನು (ಹುರಿಗಡಲೆ) ಉಪ್ಪು ಮತ್ತು ಚೂರು ಸಕ್ಕರೆಯೊಂದಿಗೆ ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡಿ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿ ಬೇರೆ ಬೇರೆ ಪಾತ್ರೆಗಳಲ್ಲಿ ಮುಚ್ಚಿಡಿ. ಮಕ್ಕಳು ಸಾಲಾಗಿ ಕುಳಿತ ಮೇಲೆಯೇ ದೊಡ್ಡ ಬುಟ್ಟಿಯಲ್ಲಿ ಎಲ್ಲವನ್ನೂ ಕಲಸಿ, ಕೊನೆಗೆ ನಿಂಬೆಹಣ್ಣು ಹಿಂಡಿ. ಮೊದಲೇ ಕಲಸಿಟ್ಟರೆ ಟೊಮೆಟೊದ ನೀರು ಹೀರಿಕೊಂಡು ಮಂಡಕ್ಕಿ ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗುತ್ತದೆ. ಮಕ್ಕಳ ಪಾಲಿಗೆ ಖಾರದ ಪುಡಿ ಬೇಡ. ಕರೆದುಕೊಂಡು ಬಂದ ತಾಯಂದಿರಿಗೆ ಬೇಕಾದರೆ ಮೆಣಸಿನಕಾಯಿ ಬಜ್ಜಿಯನ್ನು ಹೊರಗಿನಿಂದ ಬಿಸಿಯಾಗಿ ತರಿಸಿ, ಏಕೆಂದರೆ ಆ ಸೆಕೆಯಲ್ಲಿ ನೀವು ಬಾಣಲೆಯ ಮುಂದೆ ನಿಲ್ಲುವುದರಲ್ಲಿ ಅರ್ಥವಿಲ್ಲ. (ಬೆಣ್ಣೆ ದೋಸೆಯ ಆಲೋಚನೆ ಇದ್ದರೆ ದಯವಿಟ್ಟು ಬಿಡಿ. ಒಂದೇ ಕಾವಲಿಯಲ್ಲಿ ಇಪ್ಪತ್ತು ಮಕ್ಕಳಿಗೆ ದೋಸೆ ಹಾಕಿ ಮುಗಿಸುವಷ್ಟರಲ್ಲಿ ಹುಟ್ಟುಹಬ್ಬವೇ ಮುಗಿದಿರುತ್ತದೆ.) ಬಾಳೆಹಣ್ಣು ಅಥವಾ ಕಲ್ಲಂಗಡಿ ಹೋಳು ಇಡಿ. ಕುಡಿಯಲು ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿಯ ಪಾನಕ ಮಾಡಿ ಮಡಕೆಯಲ್ಲಿಟ್ಟರೆ ಬಾಟಲಿಯ ತಂಪು ಪಾನೀಯದ ಖರ್ಚೂ ಉಳಿಯುತ್ತದೆ.

ಕೇಕ್ ಒಂದು ಕಿಲೋ ಸಾಕು. ಐವತ್ತು ಗ್ರಾಮಿನ ತುಂಡುಗಳಂತೆ ಕತ್ತರಿಸಿದರೆ ಸರಿಯಾಗಿ ಇಪ್ಪತ್ತು ಆಗುತ್ತವೆ, ಐದು ವರ್ಷದ ಮಗು ಅದಕ್ಕಿಂತ ಹೆಚ್ಚು ತಿನ್ನುವುದಿಲ್ಲ. ನಮ್ಮೂರಿನಲ್ಲಿ ಮೊಟ್ಟೆ ತಿನ್ನದ ಮನೆಗಳು ಬಹಳ, ಆದ್ದರಿಂದ ಎಗ್‌ಲೆಸ್ ಎಂದು ಬೇಕರಿಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ. ಮಗುವಿನ ಫೋಟೊ ಅಚ್ಚಾದ ಕೇಕ್, ಗೊಂಬೆಯಾಕಾರದ ಕೇಕ್ ಎಂದು ಹೋದರೆ ಬೆಲೆ ಏರುತ್ತದೆ, ರುಚಿ ಏರುವುದಿಲ್ಲ. ಬೇಸಿಗೆಯಲ್ಲಿ ಕ್ರೀಮ್ ಕರಗುವುದರಿಂದ ನಾಲ್ಕು ಗಂಟೆಗೆ ಮುಂಚೆ ತರಬೇಡಿ. ಫ್ರಿಜ್ ಇದ್ದರೂ ಕರೆಂಟ್ ನಂಬುವಂತಿಲ್ಲ.

ಅಲಂಕಾರಕ್ಕೆ 500 ರೂಪಾಯಿಗಿಂತ ಹೆಚ್ಚು ಎತ್ತಿಡಬೇಡಿ. ಥರ್ಮೊಕೋಲ್ ಅಕ್ಷರಗಳು, ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದಲ್ಲಿರುವುದರಿಂದ ಅಂಗಡಿಯವರು ಕೊಟ್ಟರೂ ತರಬೇಡಿ. ಬಣ್ಣದ ಕಾಗದದ ತೋರಣ, ಮಾವಿನೆಲೆ, ಅಡಿಕೆ ಹಾಳೆಯ ತಟ್ಟೆ, ಮನೆಯ ಸ್ಟೀಲ್ ಲೋಟಗಳು ನೋಡಲೂ ಚೆನ್ನ. ಬಲೂನುಗಳನ್ನು ಬಾಯಿಂದಲೋ ಪಂಪಿನಿಂದಲೋ ಊದಿ, ಬೀದಿಯ ಗ್ಯಾಸ್ ಬಲೂನು ಬೇಡ. ಅದರಲ್ಲಿ ಹೈಡ್ರೋಜನ್ ತುಂಬಿದ್ದರೆ ಮೇಣದಬತ್ತಿಯ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ, ಸ್ನೋ ಸ್ಪ್ರೇಯ ಅಪಾಯವೂ ಇಂಥದ್ದೇ. ಒಡೆದ ಬಲೂನಿನ ಚೂರನ್ನು ಎಳೆಯ ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕೂಡಲೇ ಆರಿಸಿ ತೆಗೆಯಿರಿ. ಮಹಡಿಯ ಮೇಲೆ ಶಾಮಿಯಾನ ಹಾಕಿಸುವ ವಿಚಾರ ಬಂದರೂ ಒಪ್ಪಬೇಡಿ. ಏಪ್ರಿಲ್ ಕೊನೆಯ ಸಂಜೆಗಳಲ್ಲಿ ಗಾಳಿ, ಗುಡುಗು, ಮಳೆ ಯಾವಾಗ ಬರುತ್ತದೋ ಹೇಳಲಾಗದು.

ಆಟಗಳಿಗೆ ಹೊರಗಿನವರನ್ನು ಕರೆಸಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ ಎಂದು ಗೊತ್ತುಮಾಡಿ, ನಿಮ್ಮ ಯಜಮಾನರನ್ನು ಕೂಗಲು ನಿಲ್ಲಿಸಿ. ‘ದಡ’ ಎಂದವರು ಮತ್ತೆ ‘ದಡ’ ಎಂದಾಗ ಅಭ್ಯಾಸಬಲದಿಂದ ಕೆರೆಗೆ ಹಾರುವ ಮಕ್ಕಳ ನಗುವೇ ಅರ್ಧ ಗಂಟೆ ನಡೆಯುತ್ತದೆ. ಈ ವಯಸ್ಸಿನವರಿಗೆ ಔಟ್ ಆಗಿ ಮೂಲೆಯಲ್ಲಿ ಕೂರುವುದು ಅಳುವ ವಿಷಯ, ಆದ್ದರಿಂದ ಔಟ್ ಆದವರೂ ಕೂಗುವವರ ಪಕ್ಕ ನಿಂತು ತಪ್ಪು ಹಿಡಿಯುವ ಕೆಲಸ ಮಾಡಲಿ. ಆಮೇಲೆ ಕುರ್ಚಿ ಆಟ, ಕೇಕ್, ತಿಂಡಿ, ಇದೇ ಕ್ರಮದಲ್ಲಿ ನಡೆಸಿ.

ಮರು ಉಡುಗೊರೆಗೆ ತಲೆಗೆ 50 ರೂಪಾಯಿಯಂತೆ 1,000 ಇಟ್ಟುಕೊಳ್ಳಿ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸುವ ತೆಳುವಾದ ಕನ್ನಡ ಚಿತ್ರಪುಸ್ತಕಗಳು ಆ ಆಸುಪಾಸಿನಲ್ಲಿ ಸಿಗುತ್ತವೆ, ತರಿಸಿಕೊಳ್ಳಲು ದಿನ ಹಿಡಿಯುವುದರಿಂದ ಬೇಗ ಹೇಳಿಡಿ. ಉಳಿದಂತೆ ಕೇಕಿಗೆ 700, ಬೆಳಗಿನ ಅಡುಗೆಗೆ 800, ಸಂಜೆಯ ತಿಂಡಿ, ಪಾನಕ, ತಟ್ಟೆಗಳಿಗೆ 1,300, ಮಗುವಿನ ಬಟ್ಟೆಗೆ 1,000 ಎಂದು ಅಂದಾಜು ಮಾಡಿದರೂ ಅಲಂಕಾರ ಸೇರಿ 5,300 ಆಗುತ್ತದೆ. ಮಿಕ್ಕ 700 ರೂಪಾಯಿಯನ್ನು ಬೇರೆಯೇ ತೆಗೆದಿಡಿ, ಕರೆಯದೆ ಬರುವ ನಾಲ್ಕಾರು ಜನ ಯಾವ ಮನೆಯಲ್ಲೂ ತಪ್ಪುವುದಿಲ್ಲ. ಫೋಟೊಗ್ರಾಫರ್ ಬೇಕೇ ಎಂದೂ ಕೇಳಿದ್ದೀರಿ: ಬೇಡ, ಸೋದರಮಾವನ ಕೈಗೆ ಮೊಬೈಲ್ ಕೊಟ್ಟು, ಕೇಕ್ ಕತ್ತರಿಸುವಾಗ ಕಿಟಕಿಯ ಬೆಳಕು ಮಗುವಿನ ಮುಖಕ್ಕೆ ಬೀಳುವಂತೆ ಟೇಬಲ್ ಹಾಕಿಸಿ.