ಎರಡು ವಾರಕ್ಕೆ ಬಂದವಳ ಊರು

ಕುಶಾಲನಗರದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಕೆನಡಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಬೆಳೆದ ಟಿಬೆಟನ್ ಮಕ್ಕಳು ಇಲ್ಲಿನ ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಗೆ ಬರುತ್ತಾರೆ, ಅಜ್ಜಿಯ ಜೊತೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ, ಎರಡು ವಾರಕ್ಕೆ ಹೊರಟುಬಿಡುತ್ತಾರೆ. ಇದನ್ನು ಊರಿಗೆ ಮರಳುವುದು ಎನ್ನಬೇಕೇ, ಪ್ರವಾಸ ಎನ್ನಬೇಕೇ?”

ಉತ್ತರ: ಮಾನ್ಯರೇ, ಭಾಷೆಯ ಬಗ್ಗೆ ನಿಮಗಿರುವ ಕಳವಳ ನ್ಯಾಯವಾದದ್ದೇ. ಆದರೆ ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದ ನೀವು ಈ ಮಕ್ಕಳ ಮೇಲೆ ಇಷ್ಟು ಬೇಗ ತೀರ್ಪು ಕೊಟ್ಟದ್ದು ನನಗೆ ಸರಿಯೆನಿಸಲಿಲ್ಲ. 1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೇ ಗಡಿ ದಾಟಿ ಬಂದು, ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆಯಲ್ಲಿ ಕಾಡು ಕಡಿದು, ಆನೆಗಳಿಗೆ ಕಾವಲು ಕೂತು ಮುಸುಕಿನ ಜೋಳ ಬೆಳೆದವರ ಪಾಲಿಗೆ ಬೈಲಕುಪ್ಪೆ ಊರಿಗೆ ಹೋಗುವ ತನಕದ ತಂಗುದಾಣವಾಗಿತ್ತು. ಅಲ್ಲಿ ಹುಟ್ಟಿದ ಮಗ ಹೊಟ್ಟೆಪಾಡಿಗೆ ಟೊರಾಂಟೊ ಸೇರಿದರೆ, ಅವನ ಮಗಳು ತನ್ನ ಊರೆಂದು ಬಂದು ನಿಲ್ಲಬಹುದಾದದ್ದು ಆ ತಂಗುದಾಣವೊಂದೇ.

ಅಂಥ ಒಬ್ಬ ಹುಡುಗಿಯನ್ನು ನಾನು ಅಲ್ಲಿನ ಒಂದು ಕ್ಯಾಂಪಿನ ಮನೆಯಲ್ಲಿ ಕಂಡಿದ್ದೇನೆ. ಜಗಲಿಯಲ್ಲಿ ಕೂತು ಜೋಳದ ತೆನೆ ಸುಲಿಯುತ್ತಿದ್ದ ಅಜ್ಜಿ ಟಿಬೆಟನ್ನಿನಲ್ಲಿ ಏನೋ ಕೇಳಿದರು. ಮೊಮ್ಮಗಳಿಗೆ ಅರ್ಧ ಮಾತ್ರ ತಿಳಿಯಿತು. ಅಜ್ಜಿ ನನ್ನತ್ತ ತಿರುಗಿ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ, “ಇವಳ ಅಪ್ಪ ಹುಟ್ಟಿದ್ದು ಈ ಕೋಣೆಯಲ್ಲೇ, ಹೇಳಿ ಸಾರ್ ಇವಳಿಗೆ” ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಎದ್ದು ಹೋಗಿ ಆ ಕೋಣೆಯ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಳು. ಅವಳ ಪುಟ್ಟ ಪುಸ್ತಕದಲ್ಲಿ ಅಜ್ಜಿಯ ಒಂದೊಂದೇ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆದಿತ್ತು. ನಮ್ಮ ಎಷ್ಟು ಮೊಮ್ಮಕ್ಕಳು ಅಜ್ಜಿಯ ಮಾತನ್ನು ಬರೆದಿಟ್ಟುಕೊಳ್ಳುತ್ತಾರೆ, ಹೇಳಿ?

ಇನ್ನು ಕಾಯಿದೆಯ ಮಾತು. ಬೈಲಕುಪ್ಪೆಯಲ್ಲಿ ರಾತ್ರಿ ತಂಗಬೇಕಾದರೆ ವಿದೇಶಿ ಪಾಸ್‌ಪೋರ್ಟಿನವರು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಅಜ್ಜಿಯೂ ಕಾಯಿದೆಯ ಕಣ್ಣಿಗೆ ವಿದೇಶಿಯೇ. ಅವರೂ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕು. ಒಂದೇ ಒಲೆಯ ಮುಂದೆ ಕೂತ ಅಜ್ಜಿ, ಮೊಮ್ಮಗಳು ಇಬ್ಬರಿಗೂ ತಮ್ಮ ಮನೆಯಲ್ಲಿರಲು ಸರ್ಕಾರದ ಕಾಗದ ಬೇಕು.

ನನ್ನ ನಿಜವಾದ ನೋವು ನಮ್ಮ ಬಗ್ಗೆಯೇ. ಅರವತ್ತು ವರ್ಷಕ್ಕೂ ಮಿಕ್ಕಿ ನೆರೆಯಲ್ಲಿದ್ದೂ ನಾವು ಅವರಿಂದ ಚಳಿಗಾಲಕ್ಕೆ ಸ್ವೆಟರ್ ಕೊಂಡೆವು, ಬೈಲಕುಪ್ಪೆಯ ಸ್ವರ್ಣ ದೇವಾಲಯದ ಮುಂದೆ ಫೋಟೊ ತೆಗೆಸಿಕೊಂಡೆವು. ಅವರು ನಮ್ಮ ಭಾಷೆ ಕಲಿತರು. ಅವರ ಭಾಷೆಯಲ್ಲಿ ಕುಶಲ ಕೇಳುವಷ್ಟನ್ನೂ ನಾವು ಕಲಿಯಲಿಲ್ಲ. ಹಾಗಿರುವಾಗ ಆ ಹುಡುಗಿಯ ಟಿಬೆಟನ್ನಿಗೆ ಅಂಕ ಹಾಕಲು ನಾವು ಯಾರು?

ಅವಳೂ ಎರಡು ವಾರಕ್ಕೆ ಹೊರಟಳು, ನಿಜ. ಅವಳಿಗೆ ಸಿಕ್ಕಿದ್ದ ಅನುಮತಿ ಅಂದಿಗೆ ಮುಗಿದಿತ್ತು.