ಹಳೆಯ ಫೋರ್ ವೀಲ್ ಡ್ರೈವ್‌ಗೆ ಇನ್ನೂ ದುಡ್ಡು ಹಾಕಬೇಕಾ? ಮೊದಲು ಕೆಳಗೆ ಮಲಗಿ ಚಾಸಿ ನೋಡಿ

ನಿಮ್ಮ ಡೀಸೆಲ್ ಫೋರ್ ವೀಲ್ ಡ್ರೈವ್‌ಗೆ 18 ವರ್ಷ. 2,70,000 ಕಿ.ಮೀ. ಓಡಿದೆ. ಈಗ ಕ್ಲಚ್, ಟೈಮಿಂಗ್ ಬೆಲ್ಟ್, ಮುಂದಿನ ಆಕ್ಸಲ್ ಕೆಲಸ ಮೂರೂ ಒಟ್ಟಿಗೆ ಬಂದಿವೆ, ಮೆಕ್ಯಾನಿಕ್ ಹೇಳಿದ ಮೊತ್ತ ಗಾಡಿ ಮಾರಿದರೆ ಸಿಗುವ ಹಣಕ್ಕಿಂತ ಜಾಸ್ತಿ, ಇಟ್ಟುಕೊಳ್ಳಲಾ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಆ ಮೊತ್ತ ನೋಡಿ ತೀರ್ಮಾನ ಮಾಡಬೇಡಿ. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ ನೋಡಿ ಮಾಡಿ.

ಯಾಕೆ ಅಂದರೆ, ಇಂಥ ಗಾಡಿಗಳಲ್ಲಿ ಹೆಚ್ಚಿನವು ಏಣಿಯಂಥ ಚಾಸಿಯ ಮೇಲೆ ನಿಂತಿರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ಎಲ್ಲವೂ ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು. ಬಿಚ್ಚಬಹುದು, ರಿಪೇರಿ ಮಾಡಬಹುದು, ಬೇರೆಯದು ತಂದು ಹಾಕಬಹುದು. ಕ್ಲಚ್ ಸವೆಯುವುದಕ್ಕೆಂದೇ ಇರುವ ಭಾಗ. ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಕೂಡ ಅಷ್ಟೇ, ಅನೇಕ ಎಂಜಿನ್‌ಗಳಲ್ಲಿ 1,00,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸಲೇಬೇಕು. ಈ ಎರಡು ಕೆಲಸ ಬಂದವು ಅಂದ ಮಾತ್ರಕ್ಕೆ ಗಾಡಿ ಮುಗಿಯಿತು ಅಂತ ಅರ್ಥ ಅಲ್ಲ. ಚಾಸಿ ಕೊಳೆತರೆ ಮಾತ್ರ ಕಥೆ ಬೇರೆ.

ಇದನ್ನು ನಾನು ಕಲಿತದ್ದು ನನ್ನ ಮೊದಲ ಗಾಡಿಯಲ್ಲಿ. ಒಂದೇ ವರ್ಷದಲ್ಲಿ ಇಂಜೆಕ್ಟರ್, ಡೀಸೆಲ್ ಪಂಪ್, ಕ್ಲಚ್, ರೇಡಿಯೇಟರ್ ಎಲ್ಲ ಮಾಡಿಸಿದೆ. ಎಂಜಿನ್ ಹೊಸದರಂತೆ ಓಡುತ್ತಿತ್ತು, ತುಂಬಾ ಖುಷಿಯಲ್ಲಿದ್ದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಹಿಂದಿನ ಚಕ್ರ ಬಿಚ್ಚಲು ಚಾಸಿಗೆ ಜಾಕ್ ಕೊಟ್ಟೆ. ಗಾಡಿ ಮೇಲೇಳಲಿಲ್ಲ, ಜಾಕ್ ಒಳಗೆ ಹೋಯಿತು. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಇತ್ತು, ಒಳಗೆ ಮಾತ್ರ ಕಬ್ಬಿಣ ಪದರ ಪದರವಾಗಿ ಎದ್ದಿತ್ತು. ಸ್ಪ್ರಿಂಗ್ ಕೂರುವ ಜಾಗವೇ ಹೋಗಿತ್ತು. ಆ ವರ್ಷ ಹಾಕಿದ ದುಡ್ಡೆಲ್ಲ ಗಾಡಿಯ ಜೊತೆಗೇ ಗುಜರಿಗೆ ಹೋಯಿತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ, ನಿಮಗೆ ಹಾಗಾಗಬಾರದು.

ಚಾಸಿಯ ಉದ್ದದ ಎರಡು ತೊಲೆಗಳು ಸಾಮಾನ್ಯವಾಗಿ ಪೆಟ್ಟಿಗೆಯಂತೆ ಒಳಗೆ ಟೊಳ್ಳು. ನೀರು ಹೋಗಲಿ ಅಂತ ಇಟ್ಟ ತೂತುಗಳಿಂದಲೇ ಕೆಸರು ಒಳಗೆ ಸೇರುತ್ತದೆ, ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ತೇವ ಹಿಡಿದುಕೊಂಡೇ ಇರುತ್ತದೆ. ಹಾಗಾಗಿ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಸಮುದ್ರದ ಹತ್ತಿರ ಓಡಿದ ಗಾಡಿ, ಹಿಮ ಕರಗಿಸಲು ಉಪ್ಪು ಹಾಕುವ ರಸ್ತೆಯಲ್ಲಿ ಓಡಿದ ಗಾಡಿ ಅಂದರೆ ಇನ್ನೂ ಬೇಗ.

ನೋಡುವುದು ಹೀಗೆ. ಮೊದಲು ಕೆಳಭಾಗವನ್ನು ಜೋರು ನೀರಿನಲ್ಲಿ ತೊಳೆಸಿ, ಒಣಗಲಿ. ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ, ಒಮ್ಮೆ ಕೇಳಿದರೆ ಮತ್ತೆ ಮರೆಯುವುದಿಲ್ಲ. ಹಿಂದಿನ ಆಕ್ಸಲ್ ಮೇಲೆ ಚಾಸಿ ಕಮಾನಿನಂತೆ ಏರುವ ಜಾಗ, ಸ್ಪ್ರಿಂಗ್ ಹ್ಯಾಂಗರ್‌ಗಳು, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ತೀರಾ ಹಿಂದಿನ ಅಡ್ಡಪಟ್ಟಿ, ಇವನ್ನು ಬಿಡಲೇಬೇಡಿ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಅಡ್ಡಪಟ್ಟಿಯ ತುದಿಯಲ್ಲಿ ಸ್ವಲ್ಪ ಹೋಗಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಸ್ಟೀರಿಂಗ್ ಬಾಕ್ಸ್ ಅಥವಾ ಸ್ಪ್ರಿಂಗ್ ಹತ್ತಿರ ಮೆತ್ತಗಾಗಿ ಎರಡು ಮೂರು ಕಡೆ ಹರಡಿದ್ದರೆ, ನನ್ನ ಮಾತು ಕೇಳಿ, ಕ್ಲಚ್‌ಗೆ ಒಂದು ಪೈಸೆಯೂ ಹಾಕಬೇಡಿ.

ಚಾಸಿ ಗಟ್ಟಿ ಇದೆ ಅಂದರೆ ಅರ್ಧ ಉತ್ತರ ಸಿಕ್ಕ ಹಾಗೆ. ಆಮೇಲೆ ಎಂಜಿನ್‌ನ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್‌ನಲ್ಲಿ ಎಷ್ಟು ಒತ್ತಡ ಬರುತ್ತದೆ ಅನ್ನುವ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದನ್ನು ಮುಖ್ಯವಾಗಿ ಗಮನಿಸಿ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಗೇರುಗಳ ಗೂಡು, ಅಂದರೆ ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ. ಮ್ಯಾಗ್ನೆಟ್ ಇರುವ ಡ್ರೇನ್ ಪ್ಲಗ್‌ಗೆ ಅಂಟಿದ ನುಣ್ಣನೆಯ ಬೂದು ಪೇಸ್ಟ್ ಮಾಮೂಲು, ಚೂರುಗಳು ಸಿಕ್ಕರೆ ಮಾಮೂಲು ಅಲ್ಲ. ಹಾಗೇ ಫೋರ್ ವೀಲ್ ಹಾಕಿ ಓಡಿಸಿ ನೋಡಿ, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಕೂಡ. ವರ್ಷಗಟ್ಟಲೆ ಹಾಕದೇ ಬಿಟ್ಟ ಗಾಡಿಗಳಲ್ಲಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಅಥವಾ ಫೋರ್ ವೀಲ್ ಹಾಕುವ ಮೋಟರ್ ಅಂಟಿಕೊಂಡಿರಬಹುದು. ಆದರೆ ಬೇಕಾದಾಗ ಮಾತ್ರ ಹಾಕುವ ಪಾರ್ಟ್ ಟೈಮ್ ಫೋರ್ ವೀಲ್ ಆಗಿದ್ದರೆ ಇದನ್ನು ಮಣ್ಣಿನ ಮೇಲೆ ಮಾಡಿ, ಒಣ ಡಾಂಬರಿನ ಮೇಲೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದಿರುವುದರಿಂದ ಒಣ ರಸ್ತೆಯಲ್ಲಿ ಆ ಒತ್ತಡ ಬಿಡುಗಡೆ ಆಗುವುದಿಲ್ಲ, ಗೇರುಗಳು ಸವೆಯುತ್ತವೆ.

ಇನ್ನು ದುಡ್ಡಿನ ಮಾತು. ರಿಪೇರಿ ಖರ್ಚನ್ನು ಗಾಡಿಯ ಮಾರುವ ಬೆಲೆಗೆ ಹೋಲಿಸುವುದು ಎಲ್ಲರೂ ಮಾಡುವ ತಪ್ಪು. ಈ ಗಾಡಿಯನ್ನು ಇನ್ನು ಮೂರು ವರ್ಷ ಇಟ್ಟುಕೊಳ್ಳಲು ಎಷ್ಟಾಗುತ್ತದೆ, ಬೇರೆ ಗಾಡಿಯನ್ನು ಮೂರು ವರ್ಷ ಇಟ್ಟುಕೊಳ್ಳಲು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಎರಡನೆಯದಕ್ಕೆ ಬಡ್ಡಿ, ವಿಮೆ, ಮೊದಲ ವರ್ಷಗಳಲ್ಲೇ ಜಾಸ್ತಿ ಇಳಿಯುವ ಬೆಲೆ ಎಲ್ಲ ಸೇರಿಸಬೇಕು ಅಲ್ವಾ? ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೆ ಬೇರೆಯವರು ಮುಂದಕ್ಕೆ ತಳ್ಳಿದ ಕ್ಲಚ್, ಬೆಲ್ಟ್ ನಿಮ್ಮ ತಲೆಗೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಏನು ಆಗಿದೆ, ಏನು ಆಗಿಲ್ಲ ಅನ್ನುವುದು ನಿಮಗೇ ಗೊತ್ತು. ನನ್ನ ಈಗಿನ ಗಾಡಿಯನ್ನು ನಾನು ಇಟ್ಟುಕೊಂಡಿರುವುದು ಮುಖ್ಯವಾಗಿ ಇದಕ್ಕೇ.

ಆದರೂ ಚಾಸಿ ಗಟ್ಟಿ ಇದ್ದಾಗಲೂ ಬಿಡಲು ಎರಡು ಒಳ್ಳೆಯ ಕಾರಣ ಇವೆ. ಒಂದು, ಸುರಕ್ಷತೆ. ಗಾಡಿ ಅಡ್ಡಾದಿಡ್ಡಿ ಜಾರದಂತೆ ತಡೆಯುವ ಇಎಸ್‌ಸಿ ಅಮೆರಿಕದಲ್ಲಿ ಕಡ್ಡಾಯ ಆದದ್ದೇ 2012ರ ಮಾಡೆಲ್‌ಗಳಿಂದ. 18 ವರ್ಷದ ಗಾಡಿಯಲ್ಲಿ ಅದು ಇರಬಹುದು, ಇಲ್ಲದೆಯೂ ಇರಬಹುದು. ಎತ್ತರದ ಗಾಡಿ ಮಗುಚುವ ಅಪಾಯ ಜಾಸ್ತಿ. ದಿನಾ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸುತ್ತೀರಿ ಅಂದರೆ ನಾನು ಬದಲಿಸಿ ಅಂತಲೇ ಹೇಳುತ್ತೇನೆ. ಎರಡು, ಬಿಡಿಭಾಗ. ಟೊಯೋಟಾ ಲ್ಯಾಂಡ್ ಕ್ರೂಸರ್ 70 ಸರಣಿ 1984ರಿಂದ ಇವತ್ತಿನವರೆಗೂ ತಯಾರಾಗುತ್ತಿದೆ, ಅಂಥದ್ದಕ್ಕೆ ಚಿಂತೆ ಕಡಿಮೆ. ಕೆಲವೇ ವರ್ಷ ಬಂದು ನಿಂತುಹೋದ ಮಾಡೆಲ್ ಆದರೆ ಎಬಿಎಸ್ ಯೂನಿಟ್, ಎಂಜಿನ್ ಕಂಪ್ಯೂಟರ್, ವೈರಿಂಗ್ ಸಿಗುತ್ತವಾ ಅಂತ ಮೊದಲೇ ವಿಚಾರಿಸಿ. ಪಿಸ್ಟನ್ ಎಲ್ಲಾದರೂ ಸಿಗುತ್ತದೆ, ಇವು ಸಿಗುವುದಿಲ್ಲ.

ಬದಲಿಸುವುದೇ ಆದರೆ ಹೊಸದರಲ್ಲಿ ಲೋ ರೇಂಜ್ ಇದೆಯಾ ನೋಡಿಕೊಳ್ಳಿ. ಆಲ್ ವೀಲ್ ಡ್ರೈವ್ ಅಂತ ಬರುವ ಎಷ್ಟೋ ಗಾಡಿಗಳಲ್ಲಿ ಅದು ಇರುವುದಿಲ್ಲ, ನಿಮಗೆ ಬೇಡವಾದರೆ ಚಿಂತೆ ಇಲ್ಲ. ಬರೀ ಹತ್ತಿರದ ಓಡಾಟ ಇದ್ದರೆ ಹೊಸ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಸರಿಯಾಗಿ ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ.

ಇಟ್ಟುಕೊಳ್ಳುತ್ತೀರಿ ಅಂದರೆ ಮೂರೂ ಕೆಲಸ ಒಂದೇ ಸಲ ಮಾಡಿಸಬೇಕಾಗಿಲ್ಲ. ಬೆಲ್ಟ್ ಮೊದಲು, ಅದನ್ನು ಒಂದು ವಾರವೂ ಮುಂದೂಡಬೇಡಿ, ಕಡಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಅದೇ ದಿನ ಬ್ರೇಕ್ ಪೈಪುಗಳ ತುಕ್ಕನ್ನೂ ನೋಡಿಸಿ. ಕ್ಲಚ್ ಮೇಲಿನ ಗೇರಿನಲ್ಲಿ ಜಾರಲು ಶುರುವಾಗಿದ್ದರೆ ಆಮೇಲಿನ ಸರದಿ ಅದರದ್ದು. ಮುಂದಿನ ಆಕ್ಸಲ್‌ನಲ್ಲಿ ಬರೀ ಸೀಲ್ ಸೋರುತ್ತಿದ್ದರೆ ಆಯಿಲ್ ಮಟ್ಟ ನೋಡಿಕೊಳ್ಳುತ್ತಾ ಸ್ವಲ್ಪ ತಿಂಗಳು ತಳ್ಳಬಹುದು, ಆದರೆ ಚಕ್ರ ಹಿಡಿದು ಅಲ್ಲಾಡಿಸಿದಾಗ ಸಡಿಲವಾಗಿ ಆಡಿದರೆ ತಳ್ಳಬೇಡಿ. ಸುತ್ತಿಗೆ ತಟ್ಟಿ ನೋಡಿದ ಮೇಲೆ ಏನು ಸದ್ದು ಬಂತು ಅಂತ ತಿಳಿಸಿ, ಅದರ ಮೇಲೆ ಮುಂದಿನದು ಮಾತಾಡೋಣ.