ಪೆಟ್ಟು ಬಿದ್ದ ಕೈಯೊಳಗೆ ಎಲುಬು ಬೆಳೆದಿದೆ, ಆಪರೇಶನ್ ಮಾಡಿಸಲೋ, ಮಾಲೀಶಿಂದ ಕರಗಿಸಲೋ?

ಎರಡೂ ಬೇಡ. ಪೆಟ್ಟು ಬಿದ್ದು ಎರಡು ತಿಂಗಳು, ಹೆಬ್ಬೆರಳ ಬುಡದಲ್ಲಿ ಕಲ್ಲಿನಂಥ ಗಂಟು ಅಂತ ಬರೆದಿದ್ದೀರಲ್ಲ, ಓದಿದ ಕೂಡಲೇ ನನ್ನ ಕೈಯನ್ನೇ ಒತ್ತಿ ನೋಡಿಕೊಂಡೆ.

ನಾನು ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನು. ಒಂದು ರಾತ್ರಿ ಶಟರ್ ಎಳೆಯುವಾಗ ಜಾರಿ ಬಲಗೈ ಮೇಲೆ ಬಿತ್ತು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸಕ್ಕೆ ಸರಿಯಾಗಿ. ಎಕ್ಸ್‌ರೇ ತೆಗೆದು ಏನೂ ಮುರಿದಿಲ್ಲ ಅಂದರು. ಸುಮ್ನೆ ಐಸ್ ಇಟ್ಟುಕೊಂಡು ಕೂರಬೇಕಿತ್ತು. ಅಡುಗೆ ಭಟ್ಟರು "ರಕ್ತ ಹೆಪ್ಪುಗಟ್ಟಿದೆ ಮಾರಾಯ, ಬಿಸಿ ಎಣ್ಣೆ ಹಾಕಿ ತಿಕ್ಕಿಸು" ಅಂದರು, ನಾನು ದಿನಾ ಮಧ್ಯಾಹ್ನ ಮಾಲೀಶಿನವನ ಮುಂದೆ ಕೈ ಚಾಚಿದೆ. ಅವನು ಹೆಬ್ಬೆರಳು ಹಿಡಿದು ಹಿಂದಕ್ಕೆ ಎಳೆಯುವಾಗ ಕಣ್ಣಲ್ಲಿ ನೀರು. ನೋವಾದರೆ ಗುಣ ಆಗುತ್ತಿದೆ ಅಂತ ನಂಬಿದ್ದೆ ನೋಡಿ, ಅದೇ ತಪ್ಪು. ಜಜ್ಜಿದ ಸ್ನಾಯು ಒಳಗೊಳಗೇ ರಿಪೇರಿ ಆಗುತ್ತಿರುತ್ತದೆ, ಅದನ್ನು ದಿನಾ ತಿಕ್ಕಿ ಎಳೆದರೆ ಮತ್ತೆ ಗಾಯ, ಮತ್ತೆ ರಕ್ತ, ಕೊನೆಗೆ ಸ್ನಾಯು ಕಟ್ಟಬೇಕಾದ ಜಾಗದಲ್ಲಿ ದೇಹ ಎಲುಬು ಕಟ್ಟಲು ಶುರುಮಾಡುತ್ತದೆ. ಪೆಟ್ಟು ಬಿದ್ದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆಗುವ ಸಾಧ್ಯತೆಯನ್ನು ನಾನೇ ದುಡ್ಡು ಕೊಟ್ಟು ಜಾಸ್ತಿ ಮಾಡಿಕೊಂಡೆ, ಅದೂ ಮೂರು ವಾರ.

ನಾಲ್ಕನೇ ವಾರಕ್ಕೆ ಹೆಬ್ಬೆರಳು ಅಗಲವಾಗಿ ತೆರೆಯುವುದೇ ನಿಂತಿತು. ನೋಟು ಎಣಿಸಲು ಎಡಗೈ, ಗಿರಾಕಿಗಳ ಗೊಣಗಾಟ ಬೇರೆ. ಎರಡನೇ ಎಕ್ಸ್‌ರೇಯಲ್ಲಿ ಹತ್ತಿ ಎಳೆದಂಥ ಬಿಳಿ ನೆರಳು. ಒಬ್ಬ ಡಾಕ್ಟರ್ ಗಡ್ಡೆ ಇರಬಹುದು ಅಂತ ಹೆದರಿಸಿದರು. ಕೈಯ ಸರ್ಜನ್ ಒಬ್ಬರು ಸಿ.ಟಿ. ಸ್ಕ್ಯಾನ್ ಮಾಡಿಸಿ ತೋರಿಸಿದರು: ಎಲುಬು ಅಂಚಿನಲ್ಲಿ ಗಟ್ಟಿ, ನಡುವೆ ಮೆತ್ತಗೆ. ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ ಇರುತ್ತದಂತೆ. ಹೀಗೆ ಸ್ನಾಯುವಿನೊಳಗೆ ಎಲುಬು ಬೆಳೆಯುವುದಕ್ಕೆ ಹೆಸರು ಮಯೋಸೈಟಿಸ್ ಆಸಿಫಿಕನ್ಸ್. ತೊಡೆ, ತೋಳಲ್ಲಿ ಜಾಸ್ತಿ, ಅಂಗೈಯಲ್ಲಿ ಅಪರೂಪ.

ಈಗಲೇ ಕೊಯ್ಸಿಬಿಡುತ್ತೇನೆ ಅಂದಿದ್ದಕ್ಕೆ ಅವರು ನನ್ನನ್ನು ಬೈದರು, ನಾನು ನಿಮ್ಮನ್ನು ಬೈಯುತ್ತಿದ್ದೇನೆ. ಎಲುಬು ಹಣ್ಣಾಗುವ ಮೊದಲು ಕೊಯ್ದರೆ ಮತ್ತೆ ಬೆಳೆಯುವ ಭಯ ಜಾಸ್ತಿ. ಹಣ್ಣಾಗಲು 6ರಿಂದ 12 ತಿಂಗಳು ಬೇಕು. ಅಷ್ಟರಲ್ಲಿ ಎಷ್ಟೋ ಜನರಿಗೆ ತಾನಾಗಿಯೇ ಕುಗ್ಗುತ್ತದೆ. ನೋವಾಗದಷ್ಟು ಬೆರಳಾಡಿಸುವುದು ನೀವೇ, ಬೇರೆಯವರು ಎಳೆಯುವುದಲ್ಲ. ನನ್ನದು ಎಂಟು ತಿಂಗಳಿಗೆ ಹುಣಸೆಬೀಜದಷ್ಟಾಯಿತು, ಆಪರೇಶನ್ ಮಾಡಿಸಲಿಲ್ಲ, ನೋಟು ಮತ್ತೆ ಬಲಗೈಯಲ್ಲೇ ಎಣಿಸುತ್ತೇನೆ.

ಆದರೆ ನಿಮ್ಮದು ಇನ್ನೂ ದೊಡ್ಡದಾಗುತ್ತಿದ್ದರೆ, ರಾತ್ರಿ ನೋವು ಹೆಚ್ಚುತ್ತಿದ್ದರೆ ನನ್ನ ಕಥೆ ನಂಬಿ ಕೂರಬೇಡಿ, ಈ ವಾರವೇ ತೋರಿಸಿ. ಹೋಗುವಾಗ ಹಳೇ ಎಕ್ಸ್‌ರೇನೂ ಒಯ್ಯಿರಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ತಾನೇ ಅವರಿಗೆ ತಿಳಿಯುವುದು.